ಹಂದಿಮಾಂಸ ಏಕೆ ಹರಾಮ್? ಹುಳದ ಉತ್ತರ ಸಾಕೇ?

ಮಧ್ಯಾಹ್ನ ಊಟದ ಡಬ್ಬಿ ತೆರೆದ ಕೂಡಲೇ ಎಲ್ಲರ ಮನೆಯ ನಿಯಮಗಳೂ ಹೊರಗೆ ಬರುತ್ತವೆ. ಕೆಲವರಿಗೆ ಸೋಮವಾರ, ಶನಿವಾರ ಮೊಟ್ಟೆಯೂ ಆಗುವುದಿಲ್ಲ. ಜೈನ ಸ್ನೇಹಿತರಿಗೆ ಆಲೂಗಡ್ಡೆ, ಈರುಳ್ಳಿ, ಬೆಳ್ಳುಳ್ಳಿ ಇಲ್ಲ. ಮುಸ್ಲಿಮರಾದ ನಮಗೆ ಹಂದಿಮಾಂಸ ಇಲ್ಲ. ಉಳಿದವರನ್ನು "ಯಾಕೆ?" ಎಂದು ಕೇಳಿದರೆ "ನಮ್ಮ ಮನೇಲಿ ತಿನ್ನಲ್ಲ" ಎಂದು ಹೇಳಿ ಸುಮ್ಮನಾಗುತ್ತಾರೆ. ನಮ್ಮನ್ನು ಕೇಳಿದರೆ ಮಾತ್ರ ನಾವು ವಿಜ್ಞಾನದ ಪಾಠ ಶುರು ಮಾಡುತ್ತೇವೆ: ಅದರಲ್ಲಿ ಹುಳ ಇರುತ್ತದೆ, ಅದು ಕೊಳಕು ತಿನ್ನುತ್ತದೆ, ಅದರ ಮಾಂಸದಿಂದ ರೋಗ ಬರುತ್ತದೆ.

ಈ ಉತ್ತರ ಎಷ್ಟು ಗಟ್ಟಿ? ಈ ನಿಷೇಧ ಎಲ್ಲಿಂದ ಬಂತು, ಅದರ ಬಗ್ಗೆ ವೈದ್ಯರು, ಇತಿಹಾಸಕಾರರು, ಮಾನವಶಾಸ್ತ್ರಜ್ಞರು ಏನು ಹೇಳಿದ್ದಾರೆ ಎಂದು ಕೆಲವು ತಿಂಗಳಿಂದ ಓದುತ್ತಿದ್ದೇನೆ. ಓದಲು ಕಾರಣವಾದದ್ದು ನಮ್ಮ ಮನೆಯಲ್ಲಿ ನಡೆದ ಒಂದು ವಿಷಯ. ಅದನ್ನು ಮುಂದೆ ಹೇಳುತ್ತೇನೆ. ಓದಿದ ಮೇಲೆ ನನಗೆ ಅನಿಸಿದ್ದು ಇಷ್ಟು: ಹುಳದ ಉತ್ತರ ನಾವು ಅಂದುಕೊಂಡಷ್ಟು ಗಟ್ಟಿಯಾಗಿಲ್ಲ, ಮತ್ತು ಆ ಉತ್ತರ ನಮಗೆ ಬೇಕಾಗಿಯೂ ಇಲ್ಲ.

ಗ್ರಂಥಗಳಲ್ಲಿ ಏನಿದೆ?

ಈ ನಿಷೇಧ ಶುರುವಾದದ್ದು ಇಸ್ಲಾಮಿನಿಂದ ಅಲ್ಲ. ಯಹೂದಿಗಳ ತೋರಾದಲ್ಲಿ, ಅಂದರೆ ನಾವು ತೌರಾತ್ ಎಂದು ಕರೆಯುವ ಗ್ರಂಥದಲ್ಲಿ, ಇದು ಎರಡು ಕಡೆ ಇದೆ. ಕನ್ನಡ ಬೈಬಲಿನ ಯಾಜಕಕಾಂಡದ 11ನೇ ಅಧ್ಯಾಯ ಮತ್ತು ಧರ್ಮೋಪದೇಶಕಾಂಡದ 14ನೇ ಅಧ್ಯಾಯ ತೆರೆದರೆ ಸಿಗುತ್ತದೆ. ಅಲ್ಲಿ ತಿನ್ನಬಹುದಾದ ಪ್ರಾಣಿಗೆ ಎರಡು ಷರತ್ತುಗಳಿವೆ. ಗೊರಸು ಸೀಳಿರಬೇಕು ಮತ್ತು ಅದು ಮೆಲುಕು ಹಾಕಬೇಕು. ಹಸು, ಕುರಿ, ಆಡು ಎರಡರಲ್ಲೂ ಪಾಸ್. ಒಂಟೆ ಮೆಲುಕು ಹಾಕುತ್ತದೆ, ಆದರೆ ಗೊರಸಿನಲ್ಲಿ ಫೇಲ್. ಹಂದಿಯ ಗೊರಸು ಸೀಳಿದೆ, ಆದರೆ ಅದು ಮೆಲುಕು ಹಾಕುವುದಿಲ್ಲ. ಹೀಗಾಗಿ ಅದು ಅಶುದ್ಧ ಎಂದು ಹೇಳಿದೆ. ಹುಳದ ಮಾತಾಗಲಿ, ರೋಗದ ಮಾತಾಗಲಿ ಅಲ್ಲಿ ಇಲ್ಲ.

ಕುರ್‌ಆನಿನಲ್ಲಿ ನಾಲ್ಕು ಕಡೆ ಈ ನಿಷೇಧ ಬರುತ್ತದೆ: ಸೂರ ಅಲ್‌ಬಕರದ 173ನೇ ವಚನ, ಅಲ್‌ಮಾಇದದ 3ನೇ ವಚನ, ಅಲ್‌ಅನ್‌ಆಮ್‌ನ 145ನೇ ವಚನ ಮತ್ತು ಅನ್ನಹ್ಲ್‌ನ 115ನೇ ವಚನ. ಸತ್ತ ಪ್ರಾಣಿ, ರಕ್ತ, ಹಂದಿಮಾಂಸ, ಅಲ್ಲಾಹನಲ್ಲದೆ ಬೇರೆಯವರ ಹೆಸರಿನಲ್ಲಿ ಕೊಯ್ದದ್ದು ಇವೆಲ್ಲ ಒಂದೇ ಪಟ್ಟಿಯಲ್ಲಿವೆ. ಅಲ್‌ಅನ್‌ಆಮ್‌ನಲ್ಲಿ 'ರಿಜ್ಸ್', ಅಂದರೆ ಅಶುದ್ಧ, ಎಂಬ ಒಂದು ಪದ ಇದೆ. ಅದಕ್ಕಿಂತ ಹೆಚ್ಚಿನ ವಿವರಣೆ ಇಲ್ಲ. ಆದರೆ ನಾಲ್ಕೂ ಕಡೆ ಇನ್ನೊಂದು ಮಾತು ತಪ್ಪದೆ ಬರುತ್ತದೆ: ಆಸೆಯಿಂದಲ್ಲದೆ ಬೇರೆ ದಾರಿಯೇ ಇಲ್ಲದೆ ತಿಂದವನಿಗೆ ಕ್ಷಮೆ ಇದೆ.

ನಮ್ಮ ದಾದಿ ಆ ಪ್ರಾಣಿಯ ಹೆಸರನ್ನೇ ಬಾಯಲ್ಲಿ ತರುವುದಿಲ್ಲ. ತಂದರೆ ನಲವತ್ತು ದಿನ ನಾಲಿಗೆ ನಾಪಾಕ್ ಆಗುತ್ತದೆ ಎನ್ನುತ್ತಾರೆ. ಹೀಗೆ ನಂಬುವ ಹಿರಿಯರು ನಿಮ್ಮ ಮನೆಗಳಲ್ಲೂ ಇರಬಹುದು. "ದಾದಿ, ಕುರ್‌ಆನಿನಲ್ಲೇ ನಾಲ್ಕು ಸಲ ಆ ಹೆಸರಿದೆಯಲ್ಲ, ನೀವು ಪ್ರತಿ ರಮ್‌ಜಾನಿನಲ್ಲಿ ಓದುತ್ತೀರಲ್ಲ" ಎಂದು ಕೇಳಿದೆ. "ಅರಬಿಯಲ್ಲಿ ಓದಿದರೆ ಪರವಾಗಿಲ್ಲ" ಎಂದರು! ಗ್ರಂಥದಲ್ಲಿರುವ ಕಾನೂನು ಒಂದಾದರೆ, ಅದರ ಸುತ್ತ ಜನ ಬೆಳೆಸಿಕೊಂಡ ಅಭ್ಯಾಸ ಇನ್ನೊಂದು. ಈ ವ್ಯತ್ಯಾಸ ಮುಂದೆಯೂ ಬೇಕಾಗುತ್ತದೆ.

ವೈದ್ಯರ ಉತ್ತರ

ಆರೋಗ್ಯದ ಕಾರಣವನ್ನು ಮೊದಮೊದಲು ಹೇಳಿದ ದೊಡ್ಡ ವಿದ್ವಾಂಸರಲ್ಲಿ ಒಬ್ಬರು ಮೂಸಾ ಇಬ್ನ್ ಮೈಮೂನ್. ಯುರೋಪಿನವರು ಇವರನ್ನು ಮೈಮೊನಿಡೀಸ್ ಎನ್ನುತ್ತಾರೆ. ಸ್ಪೇನಿನ ಕುರ್ತುಬಾದಲ್ಲಿ ಹುಟ್ಟಿ 1204ರಲ್ಲಿ ಈಜಿಪ್ಟಿನಲ್ಲಿ ತೀರಿಕೊಂಡ ಯಹೂದಿ ಪಂಡಿತ, ಸುಲ್ತಾನ್ ಸಲಾಹುದ್ದೀನ್ ಕಾಲದ ಹೆಸರಾಂತ ವೈದ್ಯ. ಹಂದಿ ಕೊಳಕು ತಿನ್ನುವ ಪ್ರಾಣಿ, ಅದನ್ನು ಸಾಕಲು ಬಿಟ್ಟರೆ ಬೀದಿ ಮನೆಗಳೆಲ್ಲ ಗಲೀಜಾಗುತ್ತವೆ ಎಂದು ಅವರು ವಾದಿಸಿದರು.

ಹುಳದ ಕಥೆ ಬಂದದ್ದು ಬಹಳ ತಡವಾಗಿ. 1835ರಲ್ಲಿ ಲಂಡನ್ನಿನಲ್ಲಿ ಜೇಮ್ಸ್ ಪ್ಯಾಜೆಟ್ ಎಂಬ ವೈದ್ಯಕೀಯ ವಿದ್ಯಾರ್ಥಿ ಒಂದು ಶವದ ಸ್ನಾಯುಗಳಲ್ಲಿ ಬಿಳಿ ಚುಕ್ಕೆಗಳನ್ನು ಗಮನಿಸಿದ. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅವು ಸುರುಳಿ ಸುತ್ತಿಕೊಂಡ ಹುಳಗಳಾಗಿದ್ದವು. ಆ ಹುಳದ ಹೆಸರು ಟ್ರಿಕಿನೆಲ್ಲಾ. ಅದು ಹಂದಿಮಾಂಸದಿಂದ ಮನುಷ್ಯರಿಗೆ ಬರುತ್ತದೆ ಎಂದು ಜರ್ಮನಿಯ ಫ್ರೀಡ್ರಿಕ್ ಜೆಂಕರ್ ತೋರಿಸಿದ್ದು 1860ರಲ್ಲಿ. ಆಗ ಎಲ್ಲರಿಗೂ "ಓಹೋ, ಹಳೆಯ ಕಾಲದ ಕಾನೂನಿಗೆ ಇದೇ ಕಾರಣ" ಎನಿಸಿತು.

ಆದರೆ ಇದಕ್ಕೆ ಮೂರು ಆಕ್ಷೇಪಗಳಿವೆ. ಮೊದಲನೆಯದು, ಮಾಂಸ ತಿಂದ ಎಷ್ಟೋ ದಿನಗಳ ಮೇಲೆ, ಕೆಲವೊಮ್ಮೆ ವಾರಗಳ ಮೇಲೆ ಮೈಕೈ ನೋವು, ಜ್ವರ ಕಾಣಿಸುತ್ತದೆ. ಸೂಕ್ಷ್ಮದರ್ಶಕ ಇಲ್ಲದ ಕಾಲದಲ್ಲಿ ಎರಡಕ್ಕೂ ಸಂಬಂಧ ಕಟ್ಟುವುದು ಸುಲಭವಲ್ಲ. ಎರಡನೆಯದು, ದನ, ಕುರಿ, ಆಡುಗಳಿಂದಲೂ ಅಂತ್ರಾಕ್ಸ್, ಬ್ರುಸೆಲ್ಲಾದಂಥ ರೋಗಗಳು ಬರುತ್ತವೆ, ದನದ ಮಾಂಸದಿಂದ ಲಾಡಿಹುಳು ಬರುತ್ತದೆ. ಆದರೂ ಅವು ಹಲಾಲ್. ಮೂರನೆಯದು ನನಗೆ ಮುಖ್ಯ ಎನಿಸಿದ್ದು: ಚೆನ್ನಾಗಿ ಬೇಯಿಸಿದರೆ ಟ್ರಿಕಿನೆಲ್ಲಾ ಸಾಯುತ್ತದೆ. ಹಾಗಾದರೆ ಪ್ರೆಶರ್ ಕುಕ್ಕರ್ ಬಂದ ದಿನದಿಂದ ಹಂದಿಮಾಂಸ ಹಲಾಲ್ ಆಯಿತೇ? ನಮ್ಮಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ಅಂದರೆ ನಾವು ಬಾಯಲ್ಲಿ ಹೇಳುವ ಕಾರಣ ನಮ್ಮ ನಿಜವಾದ ಕಾರಣ ಅಲ್ಲ.

ಲೆಕ್ಕದ ಉತ್ತರ

ಎರಡನೇ ಉತ್ತರ ಕಾಮರ್ಸ್ ವಿದ್ಯಾರ್ಥಿಗಳಿಗೆ ಕೂಡಲೇ ಅರ್ಥವಾಗುವಂಥದ್ದು. ಅಮೆರಿಕದ ಮಾನವಶಾಸ್ತ್ರಜ್ಞ ಮಾರ್ವಿನ್ ಹ್ಯಾರಿಸ್ 1974ರ ಒಂದು ಪುಸ್ತಕದಲ್ಲಿ ಹಂದಿಯನ್ನು ಲಾಭ ನಷ್ಟದ ಲೆಕ್ಕಕ್ಕೆ ಹಾಕಿದರು. ಭಾರತದಲ್ಲಿ ಹಸುವನ್ನು ಏಕೆ ಕೊಲ್ಲುವುದಿಲ್ಲ ಎಂಬುದನ್ನೂ ಅದೇ ಪುಸ್ತಕದಲ್ಲಿ ಉಳುಮೆ, ಸಗಣಿ, ಹಾಲಿನ ಲೆಕ್ಕದಿಂದಲೇ ವಿವರಿಸಿದರು.

ಅವರ ಲೆಕ್ಕ ಹೀಗಿದೆ. ಮಧ್ಯಪ್ರಾಚ್ಯ ಬಿಸಿಲಿನ, ಒಣ ಪ್ರದೇಶ. ಕುರಿ, ಆಡು, ದನ ಮನುಷ್ಯ ತಿನ್ನಲಾಗದ ಹುಲ್ಲು ತಿಂದು ಬದುಕುತ್ತವೆ. ಹಾಲು, ಉಣ್ಣೆ, ಗೊಬ್ಬರ ಕೊಡುತ್ತವೆ, ಎತ್ತು ನೇಗಿಲು ಎಳೆಯುತ್ತದೆ. ಇವೆಲ್ಲ ಜಮಾ. ಹಂದಿ ಹುಲ್ಲಿನಿಂದಷ್ಟೇ ಬದುಕುವುದಿಲ್ಲ, ಅದಕ್ಕೆ ಮನುಷ್ಯ ತಿನ್ನುವಂಥ ಕಾಳು, ಗೆಡ್ಡೆ ಬೇಕು. ಹಾಲು ಕರೆಯಲಾಗದು, ಉಣ್ಣೆ ಇಲ್ಲ, ನೇಗಿಲಿಗೆ ಕಟ್ಟಲಾಗದು. ಅದು ನಮ್ಮಂತೆ ಬೆವರುವುದಿಲ್ಲ, ಮೈ ತಂಪಾಗಲು ನೆರಳು, ನೀರು, ಕೆಸರು ಬೇಕು. ನಾವು ಕೊಳಕು ಎಂದು ಬೈಯುವ ಕೆಸರು ಅದಕ್ಕೆ ಫ್ಯಾನ್ ಇದ್ದ ಹಾಗೆ. ಇವೆಲ್ಲ ಖರ್ಚು. ಮಾಂಸ ಒಂದೇ ಆದಾಯ. ಕಾಡು ಕಡಿಮೆಯಾಗಿ ಜನ ಹೆಚ್ಚಾದಂತೆ ಹಂದಿ ಸಾಕಣೆ ಸಮಾಜಕ್ಕೆ ನಷ್ಟವಾಯಿತು, ಧರ್ಮ ಆ ನಷ್ಟವನ್ನು ತಡೆಯಿತು ಎಂಬುದು ಹ್ಯಾರಿಸ್ ವಾದ.

ಕೇಳಲು ಚೆನ್ನಾಗಿದೆ. ಆದರೆ ನಷ್ಟದ ವ್ಯಾಪಾರವನ್ನು ಯಾರೂ ನಿಷೇಧಿಸಬೇಕಾಗಿಲ್ಲ, ಜನ ತಾವಾಗಿಯೇ ಕೈಬಿಡುತ್ತಾರೆ. ಅಲ್ಲದೆ ಅದೇ ಪ್ರದೇಶದ ಮೆಸೊಪೊಟೇಮಿಯಾದ ನಗರಗಳಲ್ಲಿ, ಈಜಿಪ್ಟಿನಲ್ಲಿ ಸಾವಿರಾರು ವರ್ಷ ಹಂದಿ ಸಾಕಿದ್ದಾರೆ. ಈಜಿಪ್ಟಿನ ಅಮರ್ನಾದಲ್ಲಿ ಕ್ರಿ.ಪೂ. 14ನೇ ಶತಮಾನದ ಕಾರ್ಮಿಕರ ಹಳ್ಳಿಯನ್ನು ಅಗೆದಾಗ ಹಂದಿಗೂಡುಗಳೇ ಸಿಕ್ಕಿವೆ. ಮನೆಯ ಎಂಜಲು, ಬೀದಿಯ ಕಸ ತಿಂದು ಬೇಗ ಮರಿ ಹಾಕುವ ಪ್ರಾಣಿ ಬಡವರಿಗೆ ಅನುಕೂಲವೇ ಆಗಿತ್ತು. ಒಂಟೆಯ ವಿಷಯವೂ ಈ ಲೆಕ್ಕಕ್ಕೆ ಕೂಡುವುದಿಲ್ಲ. ಮರುಭೂಮಿಯಲ್ಲಿ ಒಂಟೆಗಿಂತ ಲಾಭದ ಪ್ರಾಣಿ ಯಾವುದಿದೆ? ಆದರೂ ಯಹೂದಿಗಳಿಗೆ ಅದು ನಿಷಿದ್ಧ, ನಮಗೆ ಹಲಾಲ್.

ಪಟ್ಟಿಯ ಉತ್ತರ

ಬ್ರಿಟನ್ನಿನ ಮಾನವಶಾಸ್ತ್ರಜ್ಞೆ ಮೇರಿ ಡಗ್ಲಸ್ 1966ರಲ್ಲಿ ಬೇರೆಯೇ ದಾರಿ ಹಿಡಿದರು. ಹಂದಿ ಒಂದನ್ನೇ ನೋಡಬೇಡಿ, ಇಡೀ ಪಟ್ಟಿಯನ್ನು ನೋಡಿ ಎಂದರು. ತೋರಾದಲ್ಲಿ ಜಗತ್ತಿನ ಜೀವಿಗಳು ಗುಂಪು ಗುಂಪಾಗಿ ಜೋಡಣೆಯಾಗಿವೆ. ನೀರಿನದಕ್ಕೆ ರೆಕ್ಕೆ, ಪೊರೆ ಇರಬೇಕು. ನೆಲದ ಮೇಲಿನದಕ್ಕೆ ಸೀಳಿದ ಗೊರಸು, ಮೆಲುಕು ಎರಡೂ ಇರಬೇಕು. ಯಾವುದು ತನ್ನ ಗುಂಪಿಗೆ ಸರಿಯಾಗಿ ಸೇರುವುದಿಲ್ಲವೋ ಅದು ಅಶುದ್ಧ. ಹಂದಿ ಅರ್ಧ ಒಳಗೆ, ಅರ್ಧ ಹೊರಗೆ ಇರುವ ಪ್ರಾಣಿ. ಊಟದ ತಟ್ಟೆಯಲ್ಲೂ ಶಿಸ್ತು ಕಾಣಬೇಕೆಂಬುದು ಈ ಕಾನೂನಿನ ಉದ್ದೇಶ ಎಂದು ಅವರ ವಿವರಣೆ. ಮುಂದೆ ಅವರೇ ಇದನ್ನು ತಿದ್ದಿಕೊಂಡರು. ಈ ವಿವರಣೆ ತೋರಾಕ್ಕೆ ಹೊಂದಿದರೂ ಗೊರಸು, ಮೆಲುಕಿನ ಷರತ್ತೇ ಇಲ್ಲದ ಕುರ್‌ಆನಿಗೆ ಹೊಂದುವುದಿಲ್ಲ.

ಮೂಳೆಗಳು ಹೇಳುವುದು

ಉತ್ಖನನ ಮಾಡುವವರು ಹಳೆಯ ಊರುಗಳ ಕಸದ ಗುಂಡಿಯಲ್ಲಿ ಸಿಕ್ಕ ಮೂಳೆಗಳನ್ನು ಎಣಿಸಿ, ಅಲ್ಲಿಯವರು ಏನು ತಿನ್ನುತ್ತಿದ್ದರು ಎಂದು ಹೇಳುತ್ತಾರೆ. ಸುಮಾರು ಕ್ರಿ.ಪೂ. 1200ರ ನಂತರ ಪ್ಯಾಲೆಸ್ತೀನಿನ ಕರಾವಳಿಯಲ್ಲಿ ಹೊರಗಿನಿಂದ ಬಂದ ಫಿಲಿಷ್ಟಿಯರು ನೆಲೆಸಿದರು. ಅವರ ಅಷ್ಕೆಲೋನ್, ಎಕ್ರೋನ್ ಪಟ್ಟಣಗಳಲ್ಲಿ ಹಂದಿ ಮೂಳೆಗಳು ಸಾಕಷ್ಟು ಸಿಕ್ಕಿವೆ. ಅದೇ ಕಾಲದ ಬೆಟ್ಟದ ಹಳ್ಳಿಗಳಲ್ಲಿ, ಬನೀ ಇಸ್ರಾಈಲರು ಇದ್ದರೆನ್ನುವ ಕಡೆ, ಬಹಳ ಕಡಿಮೆ ಸಿಕ್ಕಿವೆ. ಬೆಟ್ಟದ ಜನ ಮುಖ್ಯವಾಗಿ ಕುರಿ, ಆಡು ಸಾಕುವವರು. ಅವರಲ್ಲಿ ಹಂದಿ ತಿನ್ನದ ಅಭ್ಯಾಸ ಮೊದಲಿಂದಲೂ ಇದ್ದು, ಹಂದಿ ತಿನ್ನುವ ನೆರೆಯವರು ಎದುರಾದಾಗ ಅದು "ನಾವು ಬೇರೆ, ಅವರು ಬೇರೆ" ಎಂಬ ಗುರುತಾಗಿರಬಹುದು ಎಂದು ಕೆಲವು ಇತಿಹಾಸಕಾರರು ಹೇಳುತ್ತಾರೆ.

ಆ ಗುರುತು ಎಷ್ಟು ಗಟ್ಟಿಯಾಯಿತು ಎಂಬುದಕ್ಕೆ ಕ್ರಿ.ಪೂ. 167ರ ಸುಮಾರಿನ ಘಟನೆಗಳೇ ಸಾಕ್ಷಿ. ಗ್ರೀಕ್ ಮೂಲದ ದೊರೆ ನಾಲ್ಕನೇ ಆಂಟಿಯೋಕಸ್ ಯಹೂದಿ ಧರ್ಮವನ್ನು ಅಳಿಸಲು ಹೊರಟ. ಧರ್ಮ ಬಿಟ್ಟವರನ್ನು ಪತ್ತೆ ಮಾಡಲು ಹಂದಿಮಾಂಸವೇ ಪರೀಕ್ಷೆಯಾಯಿತು. ಮಕ್ಕಬಿಯರ ಎರಡನೇ ಗ್ರಂಥದಲ್ಲಿ ಎಲಿಯಾಜರ್ ಎಂಬ ತೊಂಬತ್ತು ವರ್ಷದ ಪಂಡಿತರ ಕಥೆ ಇದೆ. ಪರಿಚಯದ ಅಧಿಕಾರಿಗಳು ಅವರನ್ನು ಗುಟ್ಟಾಗಿ ಕರೆದು, ನಿಮಗೆ ಆಗುವ ಮಾಂಸವನ್ನೇ ತಂದುಕೊಳ್ಳಿ, ಹಂದಿಮಾಂಸ ತಿಂದ ಹಾಗೆ ನಟಿಸಿ, ಜೀವ ಉಳಿಯುತ್ತದೆ ಎಂದರಂತೆ. ಈ ವಯಸ್ಸಿನಲ್ಲಿ ನಾನು ನಟಿಸಿದರೆ ಕಿರಿಯರು ನಿಜವೆಂದು ನಂಬಿ ದಾರಿ ತಪ್ಪುತ್ತಾರೆ ಎಂದು ಅವರು ಒಪ್ಪದೆ ಪ್ರಾಣ ಕೊಟ್ಟರು. ಅವರ ತಲೆಯಲ್ಲಿ ಹುಳವೂ ಇರಲಿಲ್ಲ, ಲಾಭ ನಷ್ಟವೂ ಇರಲಿಲ್ಲ.

ಇಂಥದ್ದೇ ಪರೀಕ್ಷೆ ಮುಸ್ಲಿಮರಿಗೂ ಬಂತು. 1492ರಲ್ಲಿ ಗ್ರನಾಡಾ ಬಿದ್ದ ಮೇಲೆ ಸ್ಪೇನಿನ ಮುಸ್ಲಿಮರನ್ನು ಹಂತ ಹಂತವಾಗಿ ಬಲವಂತದಿಂದ ಮತಾಂತರಿಸಲಾಯಿತು. ಹಂದಿಮಾಂಸ ಬೇಡವೆನ್ನುವವರನ್ನು ಧಾರ್ಮಿಕ ವಿಚಾರಣಾ ನ್ಯಾಯಾಲಯ ಗುಟ್ಟಾಗಿ ಹಳೆಯ ಧರ್ಮ ಪಾಲಿಸುವವರೆಂದು ಸಂಶಯಿಸುತ್ತಿತ್ತು. ಅವರು ಏನು ಮಾಡಬೇಕು? 1504ರಲ್ಲಿ ಉತ್ತರ ಆಫ್ರಿಕಾದ ಒಬ್ಬ ಮುಫ್ತಿ ಉತ್ತರ ಬರೆದರು. 'ಓರಾನ್ ಫತ್ವಾ' ಎಂದೇ ಅದು ಹೆಸರಾಗಿದೆ. ಬಲವಂತ ಮಾಡಿದರೆ ತಿನ್ನಿ, ಆದರೆ ಅದು ಹರಾಮ್ ಎಂಬುದನ್ನು ಮನಸ್ಸಿನಲ್ಲಿ ಬಿಡಬೇಡಿ ಎಂಬುದು ಅದರ ಸಾರ. ಎಲಿಯಾಜರ್ ತಿನ್ನದೆ ಸತ್ತರು, ಸ್ಪೇನಿನ ಮುಸ್ಲಿಮರಿಗೆ ತಿಂದು ಬದುಕುವ ಅನುಮತಿ ಸಿಕ್ಕಿತು. ಎರಡೂ ಕಡೆ ನಿಷೇಧದ ಗೌರವ ಕಡಿಮೆಯಾಗಲಿಲ್ಲ.

ನಮ್ಮ ದೇಶದಲ್ಲೂ ಇದು ಚರಿತ್ರೆ ಬದಲಿಸಿದೆ. 1857ರಲ್ಲಿ ಹಲ್ಲಿನಿಂದ ಕಚ್ಚಿ ತೆರೆಯಬೇಕಾದ ತೋಟಾಗಳಿಗೆ ಹಸು ಮತ್ತು ಹಂದಿಯ ಕೊಬ್ಬು ಸವರಿದ್ದಾರೆಂಬ ಸುದ್ದಿ ಹಬ್ಬಿತು. ಮೀರತ್ತಿನಲ್ಲಿ 85 ಸಿಪಾಯಿಗಳು ತೋಟಾ ಮುಟ್ಟಲು ಒಪ್ಪದೆ ಜೈಲಿಗೆ ಹೋದರು. ಅವರಲ್ಲಿ ಹಿಂದೂಗಳೂ ಇದ್ದರು, ಮುಸ್ಲಿಮರೂ ಇದ್ದರು. ಮೇ 10ರಂದು ದಂಗೆ ಶುರುವಾಯಿತು.

ಅನಿವಾರ್ಯ ಎಂದರೆ ಎಷ್ಟು?

ಈಗ ನಮ್ಮ ಮನೆಯ ವಿಷಯ. ನಮ್ಮ ಮಾಮೂಗೆ ಹೃದಯದ ವಾಲ್ವ್ ಬದಲಿಸಬೇಕಾಯಿತು. ಲೋಹದ ವಾಲ್ವ್ ಹಾಕಿದರೆ ಜೀವನಪೂರ್ತಿ ರಕ್ತ ತೆಳುವಾಗಿಸುವ ಮಾತ್ರೆ ನುಂಗಬೇಕು, ಪ್ರಾಣಿಯ ಅಂಗಾಂಶದ್ದು ಹಾಕಿದರೆ ಹಾಗಿಲ್ಲ ಎಂದರು ಡಾಕ್ಟರು. ಯಾವ ಪ್ರಾಣಿ ಎಂದು ಅಬ್ಬಾ ಕೇಳಿದರು. ಹಂದಿಯದೂ ಇದೆ, ದನದ್ದೂ ಇದೆ ಎಂದಾಗ ಎಲ್ಲರೂ ಸುಮ್ಮನಾದರು. ಮುಮಾನಿ ಅಳಲು ಶುರು ಮಾಡಿದರು. ನಮ್ಮ ಮೊಹಲ್ಲಾದ ಆಲಿಮರನ್ನು ಕೇಳಿದೆವು. ಅವರು ಒಂದು ನಿಮಿಷವೂ ತಡಮಾಡಲಿಲ್ಲ. "ಬೇರೆ ದಾರಿ ಇದ್ದರೆ ಅದನ್ನು ಹಿಡಿಯಿರಿ. ಇಲ್ಲದಿದ್ದರೆ ಜೀವ ಮೊದಲು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ" ಎಂದರು. ದನದ್ದು ಸಿಕ್ಕಿತು, ಮಾಮೂ ಈಗ ಅಂಗಡಿಯಲ್ಲಿ ಕೂರುತ್ತಿದ್ದಾರೆ. "ದನದ್ದು ಬೇಡ, ಬೇರೆ ಯಾವುದಾದರೂ ಕೊಡಿ ಅನ್ನುವವರೂ ಬರುತ್ತಾರೆ" ಎಂದು ಡಾಕ್ಟರು ನಕ್ಕರಂತೆ.

ಈ ಪ್ರಶ್ನೆ ಇನ್ನು ಮುಂದೆ ಹೆಚ್ಚು ಮನೆಗಳಿಗೆ ಬರುತ್ತದೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಔಷಧಿಯನ್ನು ಹಂದಿಯ ಕರುಳಿನಿಂದ ತಯಾರಿಸುತ್ತಾರೆ. 2022ರ ಜನವರಿಯಲ್ಲಿ ಅಮೆರಿಕದಲ್ಲಿ ಹಂದಿಯ ಹೃದಯವನ್ನೇ ಒಬ್ಬ ರೋಗಿಗೆ ಜೋಡಿಸಿದರು. ಕ್ಯಾಪ್ಸೂಲಿನ ಜೆಲಾಟಿನ್ ಹಂದಿಯದಾಗಿದ್ದರೆ ಏನು ಎಂಬುದರಲ್ಲಿ ಆಲಿಮರಲ್ಲೇ ಎರಡು ಅಭಿಪ್ರಾಯಗಳಿವೆ. ಒಂದು ವಸ್ತು ಪೂರ್ತಿ ಬೇರೆ ವಸ್ತುವಾಗಿ ಬದಲಾದರೆ ಹಳೆಯ ನಿಯಮ ಅನ್ವಯಿಸುವುದಿಲ್ಲ ಎನ್ನುವವರಿದ್ದಾರೆ, ಜೆಲಾಟಿನ್ ಅಷ್ಟು ಬದಲಾಗಿರುವುದಿಲ್ಲ ಎನ್ನುವವರೂ ಇದ್ದಾರೆ. ತಿಂಡಿಯ ವಿಷಯ ಇಷ್ಟು ಕಷ್ಟವಲ್ಲ. ನಮ್ಮ ದೇಶದ ಆಹಾರ ನಿಯಮದಂತೆ ಪೊಟ್ಟಣದ ಪದಾರ್ಥಗಳ ಪಟ್ಟಿಯಲ್ಲಿ ಹಂದಿ ಕೊಬ್ಬು, ದನದ ಕೊಬ್ಬನ್ನು ಬರೀ 'ಪ್ರಾಣಿ ಕೊಬ್ಬು' ಎಂದು ಬರೆಯುವಂತಿಲ್ಲ, ಹೆಸರಿಸಲೇಬೇಕು. ಸಂಶಯವಿದ್ದರೆ ಪೊಟ್ಟಣ ತಿರುಗಿಸಿ ಓದಿ.

ಮಾಂಸದ ನಿಷೇಧ, ಮನುಷ್ಯರ ನಿಷೇಧವಲ್ಲ

ಕೊನೆಯದಾಗಿ ಒಂದು ಮಾತು. ಕ್ರಿ.ಪೂ. 5ನೇ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಈಜಿಪ್ಟಿನ ಬಗ್ಗೆ ಬರೆಯುತ್ತಾ, ಅಲ್ಲಿ ಹಂದಿ ಕಾಯುವವರಿಗೆ ದೇವಸ್ಥಾನದೊಳಗೆ ಪ್ರವೇಶವಿರಲಿಲ್ಲ, ಅವರಿಗೆ ಯಾರೂ ಹೆಣ್ಣು ಕೊಡುತ್ತಿರಲಿಲ್ಲ ಎಂದಿದ್ದಾನೆ. ಇದು ನಮಗೆ ಹೊಸದೇನಲ್ಲ. ನಮ್ಮ ರಾಜ್ಯದಲ್ಲಿ ಹಂದಿಜೋಗಿ ಎಂಬ ಸಮುದಾಯವಿದೆ, ಹೆಸರಿನಲ್ಲೇ ಆ ಪ್ರಾಣಿಯನ್ನು ಹೊತ್ತುಕೊಂಡಿದ್ದಾರೆ. ಪ್ರಾಣಿಯ ಮೇಲಿನ ಹೇಸಿಗೆ ಮೆಲ್ಲಗೆ ಅದನ್ನು ಸಾಕುವ ಮನುಷ್ಯನ ಮೇಲೆ ಹರಿಯುತ್ತದೆ. ಬೀದಿ ಜಗಳದಲ್ಲಿ ನಾವು ಬಳಸುವ ಬೈಗುಳ ಯಾವುದು ಎಂದು ನೆನಪಿಸಿಕೊಂಡರೆ ಸಾಕು.

ಕುರ್‌ಆನಿನ ಆ ನಾಲ್ಕು ವಚನಗಳು ಏನು ತಿನ್ನಬಾರದು ಎಂದು ಹೇಳುತ್ತವೆ. ತಿನ್ನುವವರನ್ನು ಕೀಳಾಗಿ ಕಾಣಿರಿ ಎಂದು ಹೇಳುವುದಿಲ್ಲ. ನಿಷೇಧ ಬಂದ ಅಲ್‌ಮಾಇದ ಸೂರದಲ್ಲೇ, ಎರಡೇ ವಚನಗಳ ಮುಂದೆ, ಗ್ರಂಥದವರ ಆಹಾರ ನಮಗೂ, ನಮ್ಮದು ಅವರಿಗೂ ಅನುಮತಿ ಎಂದಿದೆ. ಹರಾಮ್ ಆದದ್ದು ಅದರಲ್ಲಿ ಸೇರುವುದಿಲ್ಲ, ಸರಿ. ಆದರೆ ಜೊತೆಯಲ್ಲಿ ಕೂತು ಉಣ್ಣುವ ಬಾಗಿಲು ತೆರೆದೇ ಇದೆ. ಕೊಡಗಿನಲ್ಲಿ ಪಂದಿ ಕರಿ ಮದುವೆ ಮನೆಯ ಊಟ. ಮಂಗಳೂರಿನ ಕ್ರೈಸ್ತರ ಹಬ್ಬದ ಅಡುಗೆಯಲ್ಲೂ ಹಂದಿಮಾಂಸವಿದೆ. ಅವರಿಗೆ ಹುಳದ ಪಾಠ ಹೇಳುವುದೆಂದರೆ "ನೀವು ಕೊಳಕು ತಿನ್ನುತ್ತೀರಿ" ಎಂದು ಹೇಳಿದಂತೆ. ನಮ್ಮ ದನದ ಮಾಂಸದ ಬಗ್ಗೆ ಬೇರೆಯವರು ಹಾಗೆ ಹೇಳಿದಾಗ ನಮಗೆ ಎಷ್ಟು ನೋವಾಗುತ್ತದೆ ಎಂಬುದು ನಮಗೆ ಗೊತ್ತು.

ನಿಷೇಧ ಹೇಗೆ ಹುಟ್ಟಿತು ಎಂಬುದು ಒಂದು ಪ್ರಶ್ನೆ. ನಾನು ಅದನ್ನು ಏಕೆ ಪಾಲಿಸುತ್ತೇನೆ ಎಂಬುದು ಇನ್ನೊಂದು. ಮೊದಲನೆಯದನ್ನು ವೈದ್ಯರು, ಇತಿಹಾಸಕಾರರು ಹುಡುಕುತ್ತಿರಲಿ. ಅವರ ಉತ್ತರಗಳು ಬದಲಾಗುತ್ತಿರುತ್ತವೆ, ಓದಲು ಖುಷಿಯಾಗುತ್ತದೆ. ಎರಡನೆಯದಕ್ಕೆ ನನ್ನ ಉತ್ತರ ಚಿಕ್ಕದು: ಅಲ್ಲಾಹನ ಆಜ್ಞೆ ಎಂದು ನಂಬಿದ್ದೇನೆ, ಅದಕ್ಕೆ ತಿನ್ನುವುದಿಲ್ಲ. ಆಲೂಗಡ್ಡೆ ತಿನ್ನದ ಸ್ನೇಹಿತೆ ಯಾರಿಗೂ ಪುರಾವೆ ಕೊಡಬೇಕಾಗಿಲ್ಲ, ನಾವೂ ಕೊಡಬೇಕಾಗಿಲ್ಲ. ಮುಂದಿನ ಸಲ ಯಾರಾದರೂ "ಯಾಕೆ?" ಎಂದರೆ ಇಷ್ಟು ಹೇಳಿ. ಅವರಿಗೆ ಸಮಯ ಇದ್ದರೆ ತೊಂಬತ್ತು ವರ್ಷದ ಎಲಿಯಾಜರ್ ಕಥೆಯನ್ನೂ ಹೇಳಿ.